ಹಳೇ ಕಾರಿನ ಹಿಂದಕ್ಕೂ ಡಿಸ್ಕ್ ಬ್ರೇಕು: ಬಲಕ್ಕಿಂತ ಮಿತಿಯ ಲೆಕ್ಕ

ಹಳೇ ಕಾರು ಸಾಕಿದವರಿಗೆ ಒಂದಲ್ಲ ಒಂದು ದಿನ ಬ್ರೇಕಿನ ಚಿಂತೆ ಹತ್ತುತ್ತದೆ. ಎಂಜಿನ್ ಸರಿಯಾಯಿತು, ಬಣ್ಣ ಬಳಿದಾಯಿತು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕೂ ಬಂತು. ಹಿಂದಿನ ಚಕ್ರಗಳಲ್ಲಿ ಮಾತ್ರ ಹಳೇ ಡ್ರಮ್ ಕೂತಿದೆ. ಅದನ್ನೂ ಕಿತ್ತು ಡಿಸ್ಕ್ ಹಾಕಿಸಿಬಿಟ್ಟರೆ ಕಾರು ಥಟ್ಟನೆ ನಿಂತೀತು ಎಂಬ ಆಸೆ ಸಹಜವೇ. ಆದರೆ ಈ ಕೆಲಸಕ್ಕೆ ಕೈಹಾಕಿದವರಿಗೆಲ್ಲ ಸ್ವಲ್ಪ ದಿನದಲ್ಲೇ ಒಂದು ವಿಚಿತ್ರ ಗೊತ್ತಾಗುತ್ತದೆ. ದುಡ್ಡು ಸುರಿದು, ಆಕ್ಸಲ್ ಬಿಚ್ಚಿ, ಹೆಚ್ಚು ಶಕ್ತಿಯ ಬ್ರೇಕು ಕೂರಿಸಿದ ಮೇಲೆ ಮಾಡಬೇಕಾದ ಕೊನೆಯ ಕೆಲಸವೆಂದರೆ, ಆ ಶಕ್ತಿಯನ್ನು ಅಳೆದು ಕಡಿಮೆ ಮಾಡುವುದು!

ಈ ವಿಚಿತ್ರವನ್ನು ಬಿಡಿಸಿ ನೋಡಲು 1965ರ ಫೋರ್ಡ್ ಮಸ್ಟ್ಯಾಂಗ್ ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ ಹವ್ಯಾಸಿಗಳು ಬಹಳವಾಗಿ ಬಿಚ್ಚಿ ಜೋಡಿಸಿರುವ ಕಾರುಗಳಲ್ಲಿ ಇದೂ ಒಂದು. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಜನರ ಮುಂದೆ ಬಂದಾಗ ಅದರ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕೇ ಇತ್ತು. ಆರು ಸಿಲಿಂಡರಿನ ಕಾರಿಗೆ 9 ಇಂಚಿನ ಡ್ರಮ್, ವಿ8 ಎಂಜಿನ್ನಿನದಕ್ಕೆ 10 ಇಂಚಿನದು. 1965ರ ಮಾದರಿಯಲ್ಲಿ ಹೆಚ್ಚು ಹಣ ಕೊಟ್ಟರೆ ಮುಂದಿನ ಚಕ್ರಕ್ಕೆ ಕೆಲ್ಸೆ-ಹೇಯ್ಸ್ ಕಂಪನಿಯ ನಾಲ್ಕು ಪಿಸ್ಟನ್ನಿನ ಡಿಸ್ಕ್ ಸಿಗುತ್ತಿತ್ತು. ಹಿಂದಕ್ಕೆ ಎಷ್ಟು ಕೊಟ್ಟರೂ ಡ್ರಮ್ಮೇ. ಕ್ಯಾರೊಲ್ ಶೆಲ್ಬಿ ರೇಸಿಗೆಂದು ಹದಗೊಳಿಸಿದ ಜಿಟಿ350 ಕೂಡ ಹಿಂದೆ ಅಗಲದ ಡ್ರಮ್ಮು, ಗಟ್ಟಿ ಲೋಹದ ಲೈನಿಂಗು ಇಟ್ಟುಕೊಂಡೇ ಓಡಿತು. ರೇಸ್ ಗೆಲ್ಲಲು ಹೊರಟವರೂ ಹಿಂದಿನ ಡ್ರಮ್ಮನ್ನು ಉಳಿಸಿಕೊಂಡರೆಂದರೆ ಅದಕ್ಕೊಂದು ಕಾರಣ ಇರಲೇಬೇಕು.

ಡ್ರಮ್ಮಿನ ಜಾಣತನ

ಡ್ರಮ್ ಬ್ರೇಕನ್ನು ಹಳೇ ಕಾಲದ ದಡ್ಡ ಯಂತ್ರ ಎಂದು ತಳ್ಳಿಹಾಕುವುದು ಅನ್ಯಾಯ. ಚಕ್ರದ ಜೊತೆ ತಿರುಗುವ ಕಬ್ಬಿಣದ ಡ್ರಮ್ಮಿನ ಒಳಗೆ ಅರ್ಧಚಂದ್ರದ ಆಕಾರದ ಎರಡು ಶೂಗಳಿರುತ್ತವೆ. ಪೆಡಲ್ ಒತ್ತಿದರೆ ವೀಲ್ ಸಿಲಿಂಡರಿನ ಪಿಸ್ಟನ್ನುಗಳು ಶೂಗಳನ್ನು ಹೊರಕ್ಕೆ ತಳ್ಳುತ್ತವೆ. ಲೈನಿಂಗ್ ಡ್ರಮ್ಮಿಗೆ ತಾಗಿದ ಕೂಡಲೇ ತಿರುಗುತ್ತಿರುವ ಡ್ರಮ್ಮು ಶೂವನ್ನು ತನ್ನ ಜೊತೆ ಎಳೆದೊಯ್ಯಲು ನೋಡುತ್ತದೆ. ಆ ಎಳೆತವೇ ಶೂವನ್ನು ಇನ್ನಷ್ಟು ಬಿಗಿಯಾಗಿ ಡ್ರಮ್ಮಿಗೆ ಒತ್ತುತ್ತದೆ. ಮಸ್ಟ್ಯಾಂಗಿನ ಡ್ರಮ್ಮಿನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಮೊದಲ ಶೂ ಕೆಳಗಿನ ಅಡ್ಜಸ್ಟರ್ ಮೂಲಕ ಎರಡನೆಯ ಶೂವನ್ನೂ ತಳ್ಳುತ್ತದೆ. ಹೀಗೆ ಕಾಲಿನ ಬಲ ಸ್ವಲ್ಪವೇ ಇದ್ದರೂ ಹಿಡಿತ ಅದರ ಹಲವು ಪಟ್ಟಾಗುತ್ತದೆ. ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ಇಲ್ಲದ ಕಾರನ್ನು ಜನ ಆರಾಮವಾಗಿ ಓಡಿಸಿದ್ದು ಇದರ ದಯೆಯಿಂದ.

ಇದೇ ಜಾಣತನ ಅದರ ದೋಷವೂ ಹೌದು. ಹಿಡಿತ ತನ್ನನ್ನು ತಾನೇ ಬೆಳೆಸಿಕೊಳ್ಳುವುದರಿಂದ ಲೈನಿಂಗಿನ ಉಜ್ಜುವ ಗುಣದಲ್ಲಿ ಚೂರು ವ್ಯತ್ಯಾಸವಾದರೂ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ. ಎಡಗಡೆಯ ಡ್ರಮ್ಮಿಗೆ ನೀರು ಹೊಕ್ಕರೆ ಕಾರು ಬಲಕ್ಕೆ ಎಳೆಯುತ್ತದೆ. ಆಕ್ಸಲ್ ಸೀಲ್ ಸೋರಿ ಎಣ್ಣೆ ತಾಗಿದರಂತೂ ಕೇಳುವುದೇ ಬೇಡ. ಬೆಳಗಿನ ತಂಪಿನಲ್ಲಿ ಕಚ್ಚಿ ಹಿಡಿಯುವ ಬ್ರೇಕು ಬಿಸಿಯಾದ ಮೇಲೆ ಜಾರುತ್ತದೆ. ಕಾದ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುವುದರಿಂದ ಪೆಡಲ್ಲೂ ಕೆಳಗಿಳಿಯುತ್ತದೆ.

ಡಿಸ್ಕಿನಲ್ಲಿ ಈ ಆಟವಿಲ್ಲ. ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡುಗಳು ಅದುಮುತ್ತವೆ, ಅಷ್ಟೇ. ತಟ್ಟೆ ಕಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ತೆರೆದ ಗಾಳಿಯಲ್ಲಿರುವುದರಿಂದ ಬೇಗ ತಣಿಯುತ್ತದೆ. ನೀರು ಬಿದ್ದರೆ ತಿರುಗುವ ರಭಸಕ್ಕೆ ಸಿಡಿದುಹೋಗುತ್ತದೆ. ಕಾಲು ಎಷ್ಟು ಒತ್ತಿತೋ ಅದಕ್ಕೆ ತಕ್ಕಷ್ಟೇ ಹಿಡಿತ. ಹಿಂದಿನ ಚಕ್ರಕ್ಕೆ ಡಿಸ್ಕ್ ಬೇಕು ಎನ್ನುವವರ ಬಳಿ ಇರುವ ಗಟ್ಟಿ ವಾದ ಇದೊಂದೇ: ಡಿಸ್ಕಿನ ಬಲ ಹೆಚ್ಚು ಎಂದಲ್ಲ, ಅದರ ನಡತೆ ಇವತ್ತೂ ನಾಳೆಯೂ ಒಂದೇ ಎಂದು.

ರೇಸಿನಿಂದ ರಸ್ತೆಗೆ

ಡಿಸ್ಕ್ ಹೊಸದೇನಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕಿಗೆ ಇವತ್ತಿನ ರೂಪ ಕೊಟ್ಟಿದ್ದೂ ಅದೇ ವರ್ಷ. ಆಗಿನ ಧೂಳಿನ ರಸ್ತೆಗೆ ಮುಚ್ಚಿದ ಡ್ರಮ್ಮು ಒಗ್ಗಿತು, ಲೋಹಕ್ಕೆ ಲೋಹ ಉಜ್ಜಿ ಕಿರುಚುವ ಡಿಸ್ಕು ಒಗ್ಗಲಿಲ್ಲ. ಅರ್ಧ ಶತಮಾನದ ಬಳಿಕ ವಿಮಾನಗಳಿಗೆ ಡಿಸ್ಕ್ ಮಾಡುತ್ತಿದ್ದ ಡನ್‌ಲಪ್ ಕಂಪನಿ ಜಾಗ್ವಾರ್ ಜೊತೆ ಕೈಜೋಡಿಸಿತು. 1953ರ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಹೊಂದಿದ್ದ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗಂಟೆಗೆ ಸರಾಸರಿ 100 ಮೈಲಿಗೂ ಮೀರಿದ ವೇಗದಲ್ಲಿ ಆ ರೇಸ್ ಮುಗಿಸಿದರು. ಎದುರಾಳಿಗಳು ಬ್ರೇಕ್ ಕಾದೀತೆಂದು ತಿರುವಿಗೆ ಬಹಳ ಮುಂಚೆಯೇ ವೇಗ ಇಳಿಸುತ್ತಿದ್ದಾಗ ಜಾಗ್ವಾರಿನವರು ಇನ್ನಷ್ಟು ದೂರ ಹೋಗಿ ಬ್ರೇಕ್ ಒತ್ತುತ್ತಿದ್ದರು.

ಅಲ್ಲಿಂದಾಚೆಗೆ 1955ರಲ್ಲಿ ಸಿಟ್ರೊಎನ್ ಡಿಎಸ್ ಕಾರಿನ ಮುಂದಿನ ಚಕ್ರಗಳಿಗೆ, 1957ರಲ್ಲಿ ಜಾಗ್ವಾರ್ ಎಕ್ಸ್‌ಕೆ150ರ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬಂತು. ಅಮೆರಿಕದ ಷೆವರ್ಲೆ ಕಾರ್ವೆಟ್ 1965ರಲ್ಲಿ ನಾಲ್ಕೂ ಕಡೆ ಡಿಸ್ಕ್ ಹಾಕಿತು. ಆದರೆ ಸಾಮಾನ್ಯ ಕಾರುಗಳಲ್ಲಿ ಡಿಸ್ಕ್ ಮುಂದೆ, ಡ್ರಮ್ ಹಿಂದೆ ಎಂಬ ಜೋಡಿ ದಶಕಗಳ ಕಾಲ ನಡೆಯಿತು. ಖರ್ಚು ಒಂದು ಕಾರಣ. ಇನ್ನೊಂದು ಕಾರಣ ಭೌತಶಾಸ್ತ್ರದ್ದು.

ಹಿಂದಿನ ಚಕ್ರದ ಪಾಲೆಷ್ಟು?

1,300 ಕೆ.ಜಿ. ತೂಗುವ ಕಾರೊಂದನ್ನು ಎಣಿಸಿಕೊಳ್ಳಿ. ಮಸ್ಟ್ಯಾಂಗಿನಂತೆ ಮುಂದಿನ ಹಿಂದಿನ ಚಕ್ರಗಳ ನಡುವೆ 108 ಇಂಚು, ಅಂದರೆ 2.74 ಮೀಟರ್ ಅಂತರ. ಎಂಜಿನ್ ಮುಂದಿರುವುದರಿಂದ ನಿಂತಾಗ ಮುಂದಿನ ಚಕ್ರಗಳ ಮೇಲೆ 715 ಕೆ.ಜಿ., ಹಿಂದಿನವುಗಳ ಮೇಲೆ 585 ಕೆ.ಜಿ. ಇದೆ ಎನ್ನೋಣ. ಕಾರಿನ ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ.

ಮೆಲ್ಲಗೆ, ಗುರುತ್ವದ 0.3 ಪಟ್ಟಿನಷ್ಟು ಬಲದಲ್ಲಿ ಬ್ರೇಕ್ ಹಿಡಿದರೆ ಸುಮಾರು 71 ಕೆ.ಜಿ. ಭಾರ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಆಗ ಹಿಂದಿನ ಚಕ್ರಗಳ ಪಾಲು ಒಟ್ಟು ಭಾರದ ಶೇ 40ರ ಆಸುಪಾಸು. ನಾಯಿ ಅಡ್ಡ ಬಂತೆಂದು 0.8 ಪಟ್ಟಿನ ಬಲದಲ್ಲಿ ಅಮುಕಿದರೆ 190 ಕೆ.ಜಿ. ಮುಂದಕ್ಕೆ ದಾಟುತ್ತದೆ. ಹಿಂದೆ ಉಳಿಯುವುದು 395 ಕೆ.ಜಿ., ಅಂದರೆ ಶೇ 30 ಮಾತ್ರ. ಬ್ರೇಕ್ ಜೋರಾದಷ್ಟೂ ಹಿಂದಿನ ಚಕ್ರ ಹಗುರವಾಗುತ್ತದೆ, ಹಗುರವಾದಷ್ಟೂ ಬೇಗ ಜಾಮ್ ಆಗಿ ಜಾರಲು ಕಾಯುತ್ತಿರುತ್ತದೆ.

ಯಾವ ಚಕ್ರ ಮೊದಲು ಜಾಮ್ ಆಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮುಂದಿನವು ಮೊದಲು ಜಾಮ್ ಆದರೆ ಸ್ಟಿಯರಿಂಗ್ ಕೇಳುವುದಿಲ್ಲ, ಆದರೆ ಕಾರು ನೇರಕ್ಕೆ ಜಾರುತ್ತದೆ. ಪೆಡಲ್ ಸಡಿಲಿಸಿದರೆ ಹತೋಟಿ ಮರಳುತ್ತದೆ. ಹಿಂದಿನವು ಮೊದಲು ಜಾಮ್ ಆದರೆ ಬಾಲ ಮುಂದಕ್ಕೆ ಬರಲು ನೋಡುತ್ತದೆ. ಕಾರು ಅಡ್ಡಡ್ಡ ತಿರುಗುವುದಕ್ಕೆ ಒಂದೆರಡು ಸೆಕೆಂಡು ಸಾಕು, ಎಂಥ ನುರಿತ ಚಾಲಕನಿಗೂ ಅದನ್ನು ಹಿಡಿಯುವುದು ಕಷ್ಟ. ಈಗಿನ ಕಾರುಗಳಲ್ಲಿ ಎಬಿಎಸ್ ಇದನ್ನು ನೋಡಿಕೊಳ್ಳುತ್ತದೆ. 1965ರ ಕಾರಿನಲ್ಲಿ ಆ ಕಾವಲುಗಾರನಿಲ್ಲ.

ಇನ್ನು ನಿಲ್ಲುವ ದೂರ. ಗಂಟೆಗೆ 100 ಕಿ.ಮೀ. ವೇಗದಿಂದ 0.8 ಪಟ್ಟಿನ ಬಲದಲ್ಲಿ ನಿಲ್ಲಲು ಬೇಕಾಗುವುದು ಸುಮಾರು 49 ಮೀಟರ್. ಟೈರು ರಸ್ತೆಯನ್ನು ಅಷ್ಟೇ ಬಲವಾಗಿ ಹಿಡಿಯಬಲ್ಲದು ಎಂದಾದರೆ ಡ್ರಮ್ ಇದ್ದರೂ ಅಷ್ಟೇ, ಡಿಸ್ಕ್ ಇದ್ದರೂ ಅಷ್ಟೇ. ಚಕ್ರವನ್ನು ಜಾಮ್ ಮಾಡುವಷ್ಟು ಬಲ ಹಳೇ ಡ್ರಮ್ಮಿಗೂ ಇದೆ. ಹಾಗಾಗಿ ಒಂದೇ ಒಂದು ಸಲ ನಿಲ್ಲಿಸಿ ನೋಡಿದರೆ ಹಿಂದಿನ ಡಿಸ್ಕಿನ ಲಾಭ ಕಾಣಿಸುವುದೇ ಇಲ್ಲ. ಮತ್ತೆ ಮತ್ತೆ ನಿಲ್ಲಿಸಬೇಕಾಗಿ ಬಂದಾಗ ಕಾಣುತ್ತದೆ. 100 ಕಿ.ಮೀ. ವೇಗದ ಈ ಕಾರನ್ನು ಒಮ್ಮೆ ನಿಲ್ಲಿಸಿದರೆ ಬ್ರೇಕುಗಳಿಗೆ ಇಳಿಯುವ ಶಾಖ ಸುಮಾರು 500 ಕಿಲೋಜೌಲ್. ಒಲೆಯ ಮೇಲಿಟ್ಟ ಒಂದೂವರೆ ಲೀಟರ್ ನೀರನ್ನು ಕುದಿಬರಿಸಲು ಅಷ್ಟು ಶಾಖ ಸಾಕು. ಘಾಟಿಯಲ್ಲಿ 500 ಮೀಟರ್ ಎತ್ತರದಿಂದ ಬರೀ ಬ್ರೇಕ್ ಹಿಡಿದುಕೊಂಡೇ ಇಳಿದರೆ, ಅಂಥ 12ಕ್ಕೂ ಹೆಚ್ಚು ನಿಲುಗಡೆಗಳ ಶಾಖ ಬ್ರೇಕಿನ ಪಾಲಿಗೆ ಬರುತ್ತದೆ. ಆಗುಂಬೆ, ಚಾರ್ಮಾಡಿಯ ದಾರಿ ಬಲ್ಲ ಹಳೇ ಚಾಲಕರು ‘ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ’ ಎನ್ನುವುದು ಸುಮ್ಮನೆ ಅಲ್ಲ. ಎಂಜಿನ್ ಆ ಶಾಖದ ದೊಡ್ಡ ಪಾಲನ್ನು ತಾನು ಹೊತ್ತುಕೊಳ್ಳುತ್ತದೆ.

ಆಕ್ಸಲ್ ಬಿಚ್ಚಿದಾಗ

ಈಗ ಕೆಲಸದ ವಿಷಯ. ಹಿಂದಿನ ಆಕ್ಸಲ್ ಎಂದರೆ ಒಂದು ಗಟ್ಟಿ ಹೌಸಿಂಗು, ನಡುವೆ ಡಿಫರೆನ್ಷಿಯಲ್ಲು, ಎರಡು ಕಡೆಗೆ ಎರಡು ಶಾಫ್ಟು. ಶಾಫ್ಟಿನ ತುದಿಯ ಫ್ಲ್ಯಾಂಜಿಗೆ ಡ್ರಮ್ಮು, ಅದರ ಮೇಲೆ ಚಕ್ರ. ಡ್ರಮ್ಮಿನ ಹಿಂದೆ ಶೂಗಳನ್ನು ಹೊತ್ತ ತಗಡಿನ ಬ್ಯಾಕಿಂಗ್ ಪ್ಲೇಟು ಹೌಸಿಂಗಿನ ತುದಿಗೆ ಬೋಲ್ಟ್ ಆಗಿರುತ್ತದೆ. ಡಿಸ್ಕ್ ಹಾಕಬೇಕೆಂದರೆ ಆ ಪ್ಲೇಟು ಹೋಗಿ, ಪ್ಯಾಡುಗಳನ್ನು ತಟ್ಟೆಗೆ ಅದುಮುವ ಕ್ಯಾಲಿಪರನ್ನು ಹೊರುವ ದಪ್ಪ ಬ್ರಾಕೆಟ್ ಅಲ್ಲಿ ಬರಬೇಕು. ಪ್ಲೇಟು ಹೋಗಬೇಕೆಂದರೆ ಶಾಫ್ಟು ಹೊರಗೆ ಬರಬೇಕು.

ವಿ8 ಮಸ್ಟ್ಯಾಂಗುಗಳಲ್ಲಿ ಹೆಚ್ಚಾಗಿ ಇರುವ 8 ಇಂಚಿನ ಆಕ್ಸಲ್ಲಿನಲ್ಲಿ ಇದು ಸಲೀಸು. ಡ್ರಮ್ ಎಳೆದು ತೆಗೆದರೆ ಫ್ಲ್ಯಾಂಜಿನಲ್ಲಿ ಒಂದು ದೊಡ್ಡ ತೂತು ಕಾಣುತ್ತದೆ. ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಾ ಆ ತೂತನ್ನು ಒಂದೊಂದೇ ನಟ್ಟಿನ ಎದುರಿಗೆ ತಂದು, ಸಾಕೆಟ್ ತೂರಿಸಿ ನಾಲ್ಕು ನಟ್ಟು ಬಿಚ್ಚಬೇಕು. ಆಮೇಲೆ ಜಾರುವ ಸುತ್ತಿಗೆಯ ಪುಲ್ಲರ್ ಸಿಕ್ಕಿಸಿ ನಾಲ್ಕು ಏಟು ಕೊಟ್ಟರೆ ಬೇರಿಂಗ್ ಸಮೇತ ಶಾಫ್ಟ್ ಹೊರಬರುತ್ತದೆ. ಡಿಫರೆನ್ಷಿಯಲ್ ಮುಟ್ಟುವ ಹಾಗೇ ಇಲ್ಲ. ಆ ನಾಲ್ಕು ಬೋಲ್ಟುಗಳ ನಡುವೆಯೇ ಹೊಸ ಬ್ರಾಕೆಟ್ ಕೂರುತ್ತದೆ. ಹೌಸಿಂಗಿನ ತುದಿಯಲ್ಲಿ ಬೋಲ್ಟುಗಳ ಅಂತರ ಒಂದೇ ತರಹ ಇರುವುದಿಲ್ಲವಾದ್ದರಿಂದ ಅಳತೆ ತೆಗೆಯದೆ ಬ್ರಾಕೆಟ್ ತರಿಸಿದವರು ವಾಪಸ್ ಕಳಿಸುವ ಖರ್ಚನ್ನೂ ತೆರಬೇಕಾಗುತ್ತದೆ.

ಇನ್ನೊಂದು ಜಾತಿಯ ಆಕ್ಸಲ್ಲಿನಲ್ಲಿ ಶಾಫ್ಟನ್ನು ಹಿಡಿದಿರುವುದು ಡಿಫರೆನ್ಷಿಯಲ್ಲಿನ ಒಳಗಿರುವ ‘ಸಿ’ ಆಕಾರದ ಕ್ಲಿಪ್ಪು. ಅಲ್ಲಿ ಆಯಿಲ್ ಇಳಿಸಿ, ಮುಚ್ಚಳ ತೆಗೆದು, ಅಡ್ಡ ಪಿನ್ ಕಳಚಿ, ಶಾಫ್ಟನ್ನು ಒಳಕ್ಕೆ ತಳ್ಳಿದರಷ್ಟೇ ಕ್ಲಿಪ್ ಉದುರುತ್ತದೆ. ಈ ಶಾಫ್ಟುಗಳು ಕೂದಲೆಳೆಯಷ್ಟು ಒಳಕ್ಕೂ ಹೊರಕ್ಕೂ ಆಡುತ್ತಿರುತ್ತವೆ. ಡ್ರಮ್ಮಿಗೆ ಆ ಆಟ ಲೆಕ್ಕಕ್ಕೇ ಇಲ್ಲ. ಡಿಸ್ಕಿಗಾದರೆ ತಿರುವಿನಲ್ಲಿ ತಟ್ಟೆ ಸರಿದು ಪಿಸ್ಟನ್ನನ್ನು ಒಳಕ್ಕೆ ನೂಕುತ್ತದೆ, ಮುಂದಿನ ಸಲ ಪೆಡಲ್ ಒತ್ತಿದಾಗ ಕಾಲು ಅರಿವಿಲ್ಲದೆ ಇನ್ನಷ್ಟು ಕೆಳಗೆ ಹೋಗುತ್ತದೆ. ಇಂಥ ಆಕ್ಸಲ್ಲಿಗೆ ಎರಡೂ ಕಡೆ ಪಿಸ್ಟನ್ ಇರುವ ಬಿಗಿ ಕ್ಯಾಲಿಪರಿಗಿಂತ, ತಟ್ಟೆಯ ಜೊತೆ ತಾನೂ ಪಕ್ಕಕ್ಕೆ ಸರಿಯಬಲ್ಲ ಫ್ಲೋಟಿಂಗ್ ಕ್ಯಾಲಿಪರ್ ವಾಸಿ.

ಗುಜರಿಯಿಂದ ಬರುವ ಪೂರ್ತಿ ಆಕ್ಸಲ್

ಬ್ರಾಕೆಟ್ಟಿನ ರಗಳೆಯೇ ಬೇಡ, ಡಿಸ್ಕ್ ಇರುವ ಆಕ್ಸಲ್ಲನ್ನೇ ಪೂರ್ತಿಯಾಗಿ ತಂದು ಹಾಕೋಣ ಎನ್ನುವುದು ಎರಡನೆಯ ದಾರಿ. ಮಸ್ಟ್ಯಾಂಗಿನವರು ಹಿಂದೆ ಹುಡುಕುತ್ತಿದ್ದುದು 1970ರ ದಶಕದ ಕೊನೆಯ ಲಿಂಕನ್ ವರ್ಸೇಲ್ಸ್ ಕಾರಿನ ಆಕ್ಸಲ್. ಅದು ಅಪರೂಪವಾದ ಮೇಲೆ ಎಲ್ಲರ ಕಣ್ಣು 1995ರಿಂದ 2001ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್ ಜೀಪುಗಳ ಮೇಲೆ ಬಿತ್ತು. ಅಮೆರಿಕದ ಗುಜರಿಗಳಲ್ಲಿ ಅವು ಬೇಕಾದಷ್ಟು. ಹಿಂದೆ ಡಿಸ್ಕ್ ಕಂಪನಿಯಿಂದಲೇ ಬಂದಿದೆ. ಮಸ್ಟ್ಯಾಂಗಿನ 8 ಇಂಚಿನ ಆಕ್ಸಲ್ ಶಾಫ್ಟಿಗೆ 28 ಹಲ್ಲಾದರೆ ಇದರ ದಪ್ಪ ಶಾಫ್ಟಿಗೆ 31 ಹಲ್ಲು. ಚಕ್ರದ ಐದು ಬೋಲ್ಟುಗಳ ವೃತ್ತ ಎರಡಕ್ಕೂ ನಾಲ್ಕೂವರೆ ಇಂಚು, ಅಂದರೆ ಹಳೇ ಚಕ್ರ ಹಾಗೇ ಕೂರುತ್ತದೆ.

ಅಡಚಣೆ ಇರುವುದು ಅಗಲದಲ್ಲಿ. 1965–66ರ ಮಸ್ಟ್ಯಾಂಗಿನ ಆಕ್ಸಲ್ ಸುಮಾರು 57 ಇಂಚಾದರೆ ಎಕ್ಸ್‌ಪ್ಲೋರರಿನದು ಎರಡು ಇಂಚಿಗೂ ಹೆಚ್ಚು ಅಗಲ. ಹಾಗೇ ಹಾಕಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಎಕ್ಸ್‌ಪ್ಲೋರರಿನಲ್ಲಿ ಎಡಗಡೆಯ ಕೊಳವೆ ಉದ್ದ, ಬಲಗಡೆಯದು ಗಿಡ್ಡ. ಉದ್ದದ ಕೊಳವೆಯನ್ನು ಸುಮಾರು ಮೂರು ಇಂಚು ಕತ್ತರಿಸಿ, ಇನ್ನೊಂದು ಗುಜರಿ ಆಕ್ಸಲ್ಲಿನಿಂದ ಬಲಗಡೆಯ ಗಿಡ್ಡ ಶಾಫ್ಟನ್ನು ತಂದು ಎಡಗಡೆಗೂ ಹಾಕುವುದು ಹವ್ಯಾಸಿಗಳು ಕಂಡುಕೊಂಡ ಉಪಾಯ. ಪ್ರೊಪೆಲ್ಲರ್ ಶಾಫ್ಟ್ ಸೇರುವ ಪಿನಿಯನ್ ಕೂಡ ಹೆಚ್ಚುಕಡಿಮೆ ನಡುವಿಗೆ ಬರುತ್ತದೆ. ಇದಾದ ಮೇಲೆ ಕಮಾನು ಪಟ್ಟಾ ಕೂರುವ ಆಸನಗಳನ್ನು ಕತ್ತರಿಸಿ ಮಸ್ಟ್ಯಾಂಗಿನ ಅಳತೆಗೆ ಮತ್ತೆ ವೆಲ್ಡ್ ಮಾಡಬೇಕು, ಪ್ರೊಪೆಲ್ಲರ್ ಶಾಫ್ಟಿನ ಕೋನ ನೋಡಿಕೊಳ್ಳಬೇಕು. ಕತ್ತರಿಸಿದ ಕೊಳವೆ ನೇರವಾಗಿ ಕೂತಿದೆಯೇ ಎಂದು ಉದ್ದನೆಯ ಅಲೈನ್‌ಮೆಂಟ್ ಸರಳು ತೂರಿಸಿ ಪರೀಕ್ಷಿಸದೆ ವೆಲ್ಡ್ ಮಾಡಿದರೆ ಸೀಲ್, ಬೇರಿಂಗ್ ಒಂದೊಂದಾಗಿ ಕೈಕೊಡುತ್ತವೆ. ಅಗ್ಗಕ್ಕೆ ಸಿಕ್ಕ ಆಕ್ಸಲ್ಲಿಗೆ ವೆಲ್ಡರ್, ಟರ್ನರ್ ಇಬ್ಬರ ಕೂಲಿ ಸೇರಿದಾಗ ಅದು ಅಗ್ಗವಾಗಿ ಉಳಿಯುವುದಿಲ್ಲ.

ಹ್ಯಾಂಡ್ ಬ್ರೇಕಿನ ಫಜೀತಿ

ಹಿಂದಕ್ಕೆ ಡಿಸ್ಕ್ ಹಾಕುವ ಕೆಲಸದಲ್ಲಿ ತಲೆನೋವು ಹ್ಯಾಂಡ್ ಬ್ರೇಕಿನದು. ಡ್ರಮ್ಮಿನಲ್ಲಿ ಒಂದು ಕೇಬಲ್ಲು, ಒಂದು ಸನ್ನೆ ಇದ್ದರೆ ಮುಗಿಯಿತು, ಅದೇ ಶೂ ಎರಡೂ ಕೆಲಸ ಮಾಡುತ್ತದೆ. ಡಿಸ್ಕಿಗೆ ತನ್ನ ಹಿಡಿತವನ್ನು ತಾನೇ ಬೆಳೆಸಿಕೊಳ್ಳುವ ಗುಣ ಇಲ್ಲದ್ದರಿಂದ ಕೇಬಲ್ಲಿನ ಎಳೆತಕ್ಕೆ ಇಳಿಜಾರಿನಲ್ಲಿ ಕಾರನ್ನು ನಿಲ್ಲಿಸುವುದು ಅದಕ್ಕೆ ಕಷ್ಟ. ಬಿಸಿ ತಟ್ಟೆಯನ್ನು ಹಿಡಿದ ಪ್ಯಾಡು, ತಟ್ಟೆ ತಣಿದು ಕುಗ್ಗಿದಾಗ ಸಡಿಲವಾಗುವುದೂ ಉಂಟು. ಮಾಲೀಕ ಕಾಫಿ ಕುಡಿಯಲು ಹೋದಾಗ ಕಾರು ತಾನೇ ಹೊರಟಿರುತ್ತದೆ.

ಇದಕ್ಕೆ ಮೂರು ಪರಿಹಾರಗಳಿವೆ. ಕ್ಯಾಲಿಪರಿನ ಪಿಸ್ಟನ್ನಿನೊಳಗೇ ಸ್ಕ್ರೂ ಇಟ್ಟು ಕೇಬಲ್ಲಿನಿಂದ ತಿರುಗಿಸುವುದು ಒಂದು. ಜಾಗ ಉಳಿಯುತ್ತದೆ, ಆದರೆ ಉಪಯೋಗಿಸದೆ ಬಿಟ್ಟರೆ ತುಕ್ಕು ಹಿಡಿದು ಕೂರುತ್ತದೆ. ಹ್ಯಾಂಡ್ ಬ್ರೇಕಿಗೆಂದೇ ಬೇರೆ ಪುಟ್ಟ ಕ್ಯಾಲಿಪರ್ ಇಡುವುದು ಎರಡನೆಯದು, ಹಳೇ ಜಾಗ್ವಾರುಗಳ ಕ್ರಮ ಇದು. ಡಿಸ್ಕಿನ ನಡುವಿನ ಟೊಪ್ಪಿಯಂಥ ಭಾಗದ ಒಳಗೆ ಪುಟ್ಟ ಡ್ರಮ್ ಬ್ರೇಕನ್ನೇ ಅಡಗಿಸಿಡುವುದು ಮೂರನೆಯದು. ಕಾರ್ವೆಟ್ಟಿನಲ್ಲೂ ಎಕ್ಸ್‌ಪ್ಲೋರರಿನಲ್ಲೂ ಇರುವುದು ಇದೇ. ಡ್ರಮ್ಮನ್ನು ಓಡಿಸಲು ಹೊರಟವರು ಕೊನೆಗೆ ಡಿಸ್ಕಿನ ಹೊಟ್ಟೆಯೊಳಗೆ ಡ್ರಮ್ಮಿಗೆ ಜಾಗ ಮಾಡಿಕೊಡಬೇಕಾಯಿತು. ನಿಂತ ಕಾರನ್ನು ಹಿಡಿದಿಡುವ ಕೆಲಸಕ್ಕೆ ಅದಕ್ಕಿಂತ ನಂಬಿಕಸ್ತ ಇನ್ನೊಂದಿಲ್ಲ.

ಮಾಸ್ಟರ್ ಸಿಲಿಂಡರು, ಏರ್ ತೆಗೆಯುವುದು

ಡ್ರಮ್ಮಿನ ಸ್ವಂತ ಬಲ ಹೋದ ಮೇಲೆ ಆ ಕೊರತೆಯನ್ನು ಬ್ರೇಕ್ ಆಯಿಲಿನ ಒತ್ತಡ ತುಂಬಬೇಕು. 6:1 ಸನ್ನೆಯ ಪೆಡಲ್ಲನ್ನು 30 ಕೆ.ಜಿ. ಬಲದಿಂದ ಒತ್ತಿದರೆ ಮಾಸ್ಟರ್ ಸಿಲಿಂಡರಿಗೆ 180 ಕೆ.ಜಿ. ತಲುಪುತ್ತದೆ. ಸಿಲಿಂಡರಿನ ಒಳವ್ಯಾಸ ಒಂದು ಇಂಚಾದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 35 ಕೆ.ಜಿ. ಒತ್ತಡ, 7/8 ಇಂಚಾದರೆ 46 ಕೆ.ಜಿ. ಚಿಕ್ಕ ಸಿಲಿಂಡರಿಗೆ ಒತ್ತಡ ಹೆಚ್ಚು, ಆದರೆ ಅದೇ ಪ್ರಮಾಣದ ಆಯಿಲ್ ತಳ್ಳಲು ಪೆಡಲ್ ಹೆಚ್ಚು ದೂರ ಹೋಗಬೇಕು. ದೊಡ್ಡದನ್ನು ಹಾಕಿದರೆ ಪೆಡಲ್ ಕಲ್ಲಿನಂತೆ ಗಟ್ಟಿ, ಕಾರು ಮಾತ್ರ ನಿಲ್ಲದು. ದೊಡ್ಡ ಸಿಲಿಂಡರ್ ಎಂದರೆ ದೊಡ್ಡ ಬ್ರೇಕು ಎಂದು ನಂಬಿದವರು ಮೋಸಹೋಗುವುದು ಇಲ್ಲೇ.

1966ರವರೆಗಿನ ಮಸ್ಟ್ಯಾಂಗಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟು. ಒಂದು ಹೋಸ್ ಒಡೆದರೆ ಪೂರ್ತಿ ಬ್ರೇಕ್ ಹೋಯಿತು. ಎರಡು ಸರ್ಕ್ಯೂಟಿನ ಸಿಲಿಂಡರ್ 1967ರ ಮಾದರಿಗೆ ಬಂತು, 1968ರಿಂದ ಅಮೆರಿಕದಲ್ಲಿ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಡಿಸ್ಕಿಗೆಂದು ಹೇಗೂ ಸಿಲಿಂಡರ್ ಬದಲಿಸುವಾಗ ಈ ಎರಡು ಸರ್ಕ್ಯೂಟಿನದನ್ನೇ ಹಾಕುವುದು ಇಡೀ ಕೆಲಸದ ಬಹುದೊಡ್ಡ ಲಾಭ. ಹಳೇ ಡ್ರಮ್ ಲೈನಿನಲ್ಲಿ ಪೆಡಲ್ ಬಿಟ್ಟ ಮೇಲೂ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ, ಸುಮಾರು 10 ಪಿಎಸ್‌ಐ. ಶೂಗಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇರುವ ಡ್ರಮ್ಮಿಗೆ ಅದು ಸರಿ. ಅದನ್ನು ತೆಗೆಯದೆ ಡಿಸ್ಕಿಗೆ ಜೋಡಿಸಿದರೆ ಪ್ಯಾಡು ತಟ್ಟೆಯನ್ನು ಬಿಡುವುದೇ ಇಲ್ಲ. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಚಕ್ರ ಮುಟ್ಟಲಾಗದಷ್ಟು ಕಾದಿರುತ್ತದೆ.

ಕೊನೆಗೆ ಏರ್ ತೆಗೆಯುವ ಕೆಲಸ. ಒಬ್ಬರು ಸೀಟಿನಲ್ಲಿ, ಒಬ್ಬರು ಕಾರಿನಡಿಯಲ್ಲಿ. ‘ಒತ್ತು... ಹಿಡ್ಕೋ... ಬಿಡು’ ಎಂಬ ಗ್ಯಾರೇಜಿನ ಮಂತ್ರ ಗಂಟೆಗಟ್ಟಲೆ ನಡೆದರೂ ಪೆಡಲ್ ಸ್ಪಂಜಿನಂತೆಯೇ ಇದ್ದರೆ, ಮೊದಲು ನೋಡಬೇಕಾದ್ದು ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್ ಎಲ್ಲಿದೆ ಎಂದು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹೋದರೆ ನಿಪ್ಪಲ್ ಕೆಳಗಡೆ ಬರುತ್ತದೆ. ಬೋಲ್ಟುಗಳೆಲ್ಲ ಸರಿಯಾಗಿ ಕೂರುತ್ತವೆ, ನೋಡಲು ಏನೂ ತಪ್ಪು ಕಾಣದು. ಆದರೆ ಗಾಳಿ ಮೇಲೇರುತ್ತದೆ, ಆಯಿಲ್ ಕೆಳಗಿನಿಂದ ಹೊರಹೋಗುತ್ತದೆ. ಎಷ್ಟು ಡಬ್ಬಿ ಆಯಿಲ್ ಸುರಿದರೂ ಆ ಗುಳ್ಳೆ ಅಲ್ಲೇ. ಆಯಿಲಿನಲ್ಲೂ ಕಣ್ಣಿಡಬೇಕು. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿ ಹಳತಾದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ.

ಕೊಟ್ಟ ಬಲವನ್ನು ತಡೆಯುವುದು

ಎಲ್ಲ ಜೋಡಿಸಿದ ಮೇಲೆ ಮೊದಲ ಲೆಕ್ಕಕ್ಕೆ ಮರಳಬೇಕು. ಮೆಲ್ಲಗೆ ನಿಲ್ಲಿಸುವಾಗ ಹಿಂದಿನ ಚಕ್ರಗಳ ಪಾಲು ಶೇ 40, ಜೋರಾಗಿ ನಿಲ್ಲಿಸುವಾಗ ಶೇ 30. ಅಂದರೆ ಹಿಂದಿನ ಬ್ರೇಕಿನ ಪಾಲು ಸ್ಥಿರವಲ್ಲ, ಒತ್ತಡ ಏರಿದಂತೆ ಅದು ಇಳಿಯಬೇಕು. ಇದಕ್ಕೆಂದೇ ಹಿಂದಿನ ಲೈನಿನಲ್ಲಿ ಪ್ರೊಪೋರ್ಷನಿಂಗ್ ವಾಲ್ವ್ ಕೂರಿಸುತ್ತಾರೆ. ಒಂದು ಒತ್ತಡದವರೆಗೆ ಅದು ಬಂದಷ್ಟನ್ನೂ ಹಿಂದಕ್ಕೆ ಬಿಡುತ್ತದೆ. ಆ ಗೆರೆ ದಾಟಿದ ಮೇಲೆ ಮುಂದೆ ಏರುವ ಒತ್ತಡದ ಒಂದು ಭಾಗವನ್ನಷ್ಟೇ ಬಿಡುತ್ತದೆ. ಹೊಂದಿಸಬಹುದಾದ ವಾಲ್ವಿನಲ್ಲಿ ಒಂದು ತಿರುಪು ಇರುತ್ತದೆ, ಆ ಗೆರೆ ಎಲ್ಲಿ ಬರಬೇಕೆಂದು ಅದರಲ್ಲಿ ತೀರ್ಮಾನಿಸಬೇಕು.

ಪರೀಕ್ಷೆ ಆಗಬೇಕಾದ್ದು ಜನ, ವಾಹನ ಇಲ್ಲದ ಮುಚ್ಚಿದ ಜಾಗದಲ್ಲಿ, ಕೆಲಸ ಬಲ್ಲವರ ಎದುರಿಗೆ. ಕಡಿಮೆ ವೇಗದಿಂದ ಶುರುಮಾಡಿ ಪೆಡಲ್ಲನ್ನು ಹಂತ ಹಂತವಾಗಿ ಬಲವಾಗಿ ಒತ್ತುತ್ತಾ ಹೋಗಬೇಕು. ಯಾವ ಚಕ್ರ ಮೊದಲು ಜಾಮ್ ಆಯಿತೆಂದು ಹೊರಗೆ ನಿಂತ ಒಬ್ಬರು ನೋಡಬೇಕು, ಒಳಗಿದ್ದವರಿಗೆ ಅದು ತಿಳಿಯುವುದಿಲ್ಲ. ಯಾವ ಪರಿಸ್ಥಿತಿಯಲ್ಲೂ ಮುಂದಿನ ಚಕ್ರ ಮೊದಲು, ಹಿಂದಿನದು ಆಮೇಲೆ. ಒದ್ದೆ ರಸ್ತೆಯಲ್ಲಿ ಸರಿ ಬಂದದ್ದು ಒಣ ರಸ್ತೆಯಲ್ಲಿ ಕೆಡಬಹುದು, ಏಕೆಂದರೆ ಹಿಡಿತ ಹೆಚ್ಚಿದಷ್ಟೂ ಭಾರ ಮುಂದಕ್ಕೆ ದಾಟುತ್ತದೆ. ಟೈರು ಬದಲಾಯಿಸಿದರೆ, ಪ್ಯಾಡಿನ ಜಾತಿ ಬದಲಾದರೆ ಮತ್ತೆ ಮೊದಲಿನಿಂದ ನೋಡಬೇಕು.

ಡಿಸ್ಕಿನ ಒಂದೇ ತರಹದ ನಡತೆಗೆ ಬೆಲೆ ಬರುವುದು ಈ ಹಂತದಲ್ಲಿ. ಡ್ರಮ್ಮಿಗೆ ಇವತ್ತು ಹೊಂದಿಸಿದ ಮಿತಿ ನಾಳೆ ಮಳೆಯಲ್ಲಿ, ನಾಡಿದ್ದು ಘಾಟಿಯಲ್ಲಿ ಏರುಪೇರಾಗುತ್ತದೆ. ಡಿಸ್ಕಿಗೆ ಹೊಂದಿಸಿದ್ದು ಹೊಂದಿಸಿದ ಹಾಗೇ ಉಳಿಯುತ್ತದೆ. ವಾಲ್ವ್ ಹಾಕದೆ, ಪರೀಕ್ಷೆ ಮಾಡದೆ ಹಿಂದೆ ಡಿಸ್ಕ್ ಕೂರಿಸಿ ಬಿಟ್ಟರೆ ಆ ಕಾರು ಹಳೇ ಡ್ರಮ್ಮಿನ ಕಾರಿಗಿಂತ ಅಪಾಯಕಾರಿ.

ನಮ್ಮ ರಸ್ತೆ, ನಮ್ಮ ಕಾನೂನು

ನಮ್ಮಲ್ಲಿ ಈ ಆಸೆ ಹೆಚ್ಚಾಗಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೇ ಜೀಪುಗಳ ಸುತ್ತ ಸುಳಿದಾಡುತ್ತದೆ. 2014ರವರೆಗೂ ತಯಾರಾದ ಅಂಬಾಸಿಡರಿನ ಕೊನೆಕೊನೆಯ ಮಾದರಿಗಳಲ್ಲಿ ಮುಂದೆ ಡಿಸ್ಕ್ ಬಂತು, ಹಿಂದೆ ಡ್ರಮ್ಮೇ ಉಳಿಯಿತು. ಆದರೆ ಪಾನಾ ಹಿಡಿಯುವ ಮುಂಚೆ ಕಾನೂನು ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಡಕ್ಕಾಗಿ ಹೇಳಿತು. ಹಾಗಾಗಿ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಬರಹದಲ್ಲಿ ಕೇಳಿಕೊಳ್ಳದೆ ಮುಂದುವರಿದರೆ, ಅಪಘಾತದ ದಿನ ವಿಮೆ ಕೈಕೊಡಬಹುದು.

50 ವರ್ಷ ದಾಟಿದ ವಾಹನಗಳಿಗೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯ ಪ್ರತ್ಯೇಕ ನಿಯಮ ತಂದಿದೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಷಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿರಬೇಕೆಂಬುದು ಅಲ್ಲಿನ ಷರತ್ತು. ಧರ್ಮಸ್ಥಳದ ಕಾರು ಸಂಗ್ರಹವನ್ನೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವನ್ನೋ ನೋಡಲು ಹೋದವರಿಗೆ ಮೂಲ ರೂಪದ ಬೆಲೆ ಬೇರೆ ಹೇಳಬೇಕಿಲ್ಲ. ದಿನನಿತ್ಯ ಓಡುವ ಕಾರಿಗೂ ಕಾಪಿಡುವ ಕಾರಿಗೂ ಒಂದೇ ಉತ್ತರ ಹೊಂದದು. ಬಿಚ್ಚಿದ ಹಳೇ ಭಾಗಗಳನ್ನು ಗುಜರಿಗೆ ಹಾಕದೆ ಎತ್ತಿಡುವುದು ಎರಡಕ್ಕೂ ಒಳ್ಳೆಯದು.

ಡ್ರಮ್ ಸತ್ತಿಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಇವತ್ತಿಗೂ ಹಿಂದೆ ಇರುವುದು ಡ್ರಮ್ಮೇ. ಜರ್ಮನಿಯ ಫೋಕ್ಸ್‌ವ್ಯಾಗನ್ ತನ್ನ ವಿದ್ಯುತ್ ಕಾರುಗಳಾದ ಐಡಿ.3, ಐಡಿ.4ಗಳಿಗೆ ಬೇಕೆಂದೇ ಹಿಂದೆ ಡ್ರಮ್ ಹಾಕಿದೆ. ಮೋಟಾರೇ ಬಹುಪಾಲು ವೇಗ ಇಳಿಸುವ ಕಾರಿನಲ್ಲಿ ಅಪರೂಪಕ್ಕೆ ಉಪಯೋಗವಾಗುವ ಡಿಸ್ಕ್ ತುಕ್ಕು ಹಿಡಿಯುತ್ತದೆ, ಮುಚ್ಚಿದ ಡ್ರಮ್ಮು ಹಿಡಿಯುವುದಿಲ್ಲ.

ಹಾಗಾದರೆ ಹಳೇ ಕಾರಿನವರು ಏನು ಮಾಡಬೇಕು? ಖರ್ಚಿಗೊಂದು ಸರದಿ ಹಾಕಿಕೊಳ್ಳಬೇಕು. ಮೊದಲು ಒಳ್ಳೆಯ ಟೈರು, ಹೊಸ ರಬ್ಬರ್ ಹೋಸು, ಹೊಸ ಬ್ರೇಕ್ ಆಯಿಲು, ಸೋರದ ವೀಲ್ ಸಿಲಿಂಡರು. ಎರಡನೆಯದಾಗಿ ನಿಯಮಕ್ಕೆ ಒಳಪಟ್ಟು ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರು, ಮುಂದಿನ ಚಕ್ರಗಳ ಡಿಸ್ಕು. ಹೆಚ್ಚಿನವರಿಗೆ ಅಲ್ಲಿಗೆ ಸಾಕು. ಘಾಟಿಯಲ್ಲಿ ಹೆಚ್ಚು ಓಡಾಡುವವರು, ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಂಡವರು, ಟ್ರ್ಯಾಕಿನಲ್ಲಿ ಓಡಿಸುವವರು ಹಿಂದಿನ ಡಿಸ್ಕಿನ ಯೋಚನೆ ಮಾಡಲಿ. ಬ್ರಾಕೆಟ್ಟು, ಕ್ಯಾಲಿಪರುಗಳಿಗೆ ಎಷ್ಟು ಹಣ ಎತ್ತಿಟ್ಟರೋ ವಾಲ್ವು ಮತ್ತು ಪರೀಕ್ಷೆಗೂ ಅಷ್ಟೇ ಸಮಯ ಎತ್ತಿಡಲಿ. ಅಷ್ಟು ತಾಳ್ಮೆ ಇಲ್ಲದವರು ಇರುವ ಡ್ರಮ್ಮನ್ನೇ ಬಿಚ್ಚಿ, ಸ್ವಚ್ಛ ಮಾಡಿ, ಶೂ ಹೊಂದಿಸಿಕೊಂಡು ಓಡಿಸಿದರೆ ಅವರಿಗೂ ಕ್ಷೇಮ, ಹಿಂದೆ ಬರುವವರಿಗೂ ಕ್ಷೇಮ.